ಮೂವತ್ತೊಂದು ಎಂದು ಬಂದ ಎಸ್‌ಜಿಪಿಟಿ

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಯಾವ ಕೋರ್ಸ್ ಮಾಡಿದರೆ ಒಳ್ಳೆಯದು, ಯಾವ ಮಷಿನ್ ಕಲಿತರೆ ಮೈಸೂರಿನಲ್ಲಿ ಕೆಲಸ ಸಿಗುತ್ತದೆ ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಅವರು ಕೇಳದ ಒಂದು ವಿಷಯವಿದೆ. ಅದನ್ನು ಎದುರಿಗೆ ಕೂತು ಹೇಳಲು ಹೋದಾಗಲೆಲ್ಲ ಮಾತು ಬೇರೆ ಕಡೆ ತಿರುಗಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ನಿವೃತ್ತಳಾಗಿ ಎರಡು ವರ್ಷವಾಯಿತು. ಇವತ್ತಿಗೂ ಹುಚ್ಚೆಳ್ಳೆಣ್ಣೆಯ ಶೀಸೆಯ ಮೇಲೆ ಬಿಸಿಲು ಬಿದ್ದದ್ದು ಕಂಡರೆ ಎದ್ದು ಅದನ್ನು ನೆರಳಿಗೆ ಸರಿಸುತ್ತೇನೆ. ಮಗಳಿಗೆ ಇದು ಗೊತ್ತು. ಎಣ್ಣೆಯನ್ನು ಸ್ಟೀಲ್ ಡಬ್ಬಿಗೆ ಸುರಿದು ಇಡುತ್ತಾಳೆ.

ಮೊದಲು ಕೆಲಸ ಕಲಿತದ್ದನ್ನು ಹೇಳಿಬಿಡುತ್ತೇನೆ. ನನ್ನ ಹೆಸರು ನೂರ್. ಅಪ್ಪನದು ಹುಣಸೂರಿನಲ್ಲಿ ಮರದ ಅಂಗಡಿ. ನಾನು ಬಿ.ಎಸ್ಸಿ. ಮುಗಿಸಿ, ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ ಮಾಡಿಕೊಂಡು, ಒಂದು ಟ್ರಸ್ಟಿನವರ ಆಸ್ಪತ್ರೆಗೆ ಸೇರಿದೆ. ಅವರ ಚಿಕ್ಕ ಚಿಕ್ಕ ಆಸ್ಪತ್ರೆಗಳು ಹುಣಸೂರಿನ ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲೂ ಇದ್ದವು. ಮೊದಲು ಕೆ.ಆರ್. ನಗರ. ಅಲ್ಲಿ ನನ್ನ ಮೇಲಿದ್ದವರು ಗೋಪಾಲಯ್ಯ. ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ರಕ್ತ ತೆಗೆದು, ಗಿರಗಿರನೆ ತಿರುಗಿಸಿದಾಗ ಕೆಂಪು ಕಣಗಳು ಕೆಳಗೆ ಕೂತು, ಮೇಲೆ ತಿಳಿಯಾದ ದ್ರವ ನಿಲ್ಲುತ್ತದಲ್ಲ, ಸೀರಂ, ಆ ಟ್ಯೂಬನ್ನು ಅವರು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿಯದೆ ಮುಂದಿನ ಕೆಲಸ ಮಾಡುತ್ತಿರಲಿಲ್ಲ. ರಿಜಿಸ್ಟರಿನ ಕೊನೆಯ ಕಲಂ ಬಣ್ಣಕ್ಕೆ ಮೀಸಲು. ‘ಹು’ ಎಂದರೆ ಒಣಹುಲ್ಲಿನ ಬಣ್ಣ, ಸರಿಯಾದದ್ದು. ‘ಕೆಂ’ ಎಂದರೆ ಕೆಂಪು, ರಕ್ತಕಣ ಒಡೆದದ್ದು. ‘ಹಾ’ ಎಂದರೆ ಹಾಲಿನ ಹಾಗೆ. ‘ಹ’ ಎಂದರೆ ಹಳದಿ, ಕಾಮಾಲೆ.

ಸೇರಿದ ತಿಂಗಳೊಳಗೇ ಒಂದು ಎಡವಟ್ಟು ಮಾಡಿದೆ. ಚುಂಚನಕಟ್ಟೆ ಕಡೆಯ ಬೋರೇಗೌಡರು ಎಂಬವರು, ಗದ್ದೆ ಕೆಲಸದವರು, ಹೆಂಡತಿಯ ಜೊತೆ ಬಂದಿದ್ದರು. ಕುಡಿತ ಬಿಟ್ಟು ನಾಲ್ಕು ತಿಂಗಳಾಗಿತ್ತಂತೆ. ಲಿವರ್ ಹೇಗಿದೆ ನೋಡೋಣ ಎಂದು ಡಾಕ್ಟರು ಎಸ್‌ಜಿಒಟಿ ಪರೀಕ್ಷೆ ಬರೆದಿದ್ದರು. ನಾನು ಮಾಡಿದೆ. ನಾರ್ಮಲ್‌ಗಿಂತ ಮೂರು ಪಟ್ಟು ಬಂತು. ರಿಪೋರ್ಟ್ ಕೈಗೆ ಕೊಟ್ಟು, ಹೆಚ್ಚಿದೆ ಎಂದೆ.

ಆಯಮ್ಮ ಗಂಡನ ಕಡೆ ತಿರುಗಿ, “ಈಸ್ವರನ್ ಮುಂದೆ ನಿಂತ್ಕಂಡು ಆಣೆ ಇಕ್ದಲ್ಲ, ಈಗ ಮಿಸಿನ್ ಮುಂದೆ ಸಿಕ್ಕಾಕ್ಕಂಡೆ” ಅಂದರು.

“ಕುಡ್ದಿಲ್ಲ ಕಣಮ್ಮಿ.”

“ನೀನ್ ಕುಡೀನಿಲ್ಲ ಅಂದ್ರೆ ನಿನ್ ರಕ್ತ ಒಂದೇ ಓಗಿ ಕುಡ್ಕಂಡ್ ಬಂತಾ?”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಬೋರೇಗೌಡರು ತಲೆ ತಗ್ಗಿಸಿ ಟವೆಲ್ಲಿನ ಅಂಚು ತಿರುವುತ್ತಿದ್ದರು. ಗೋಪಾಲಯ್ಯ ಒಳಗಿನಿಂದ ಬಂದು ಆ ಟ್ಯೂಬನ್ನು ಕಿಟಕಿಗೆ ಹಿಡಿದರು. ಸೀರಂ ದಾಸವಾಳದ ನೀರಿನ ಹಾಗೆ ಕೆಂಪಗಿತ್ತು.

“ಏನಮ್ಮಾ ನೂರ್, ಬಣ್ಣ ನೋಡೋದಕ್ಕೆ ಡಿಗ್ರಿ ಬೇಕಾ?”

“ಬೇಡ ಸರ್.”

“ಮತ್ತೆ ಯಾಕೆ ನೋಡ್ಲಿಲ್ಲ?”

ನಾನು ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದಿದ್ದೆ. ರಕ್ತಕಣ ಒಡೆದು, ಅವುಗಳೊಳಗಿನ ಕಿಣ್ವವೂ ಲೆಕ್ಕಕ್ಕೆ ಸೇರಿಕೊಂಡಿತ್ತು. ಮತ್ತೆ ರಕ್ತ ತೆಗೆದು ಮಾಡಿದಾಗ ನಾರ್ಮಲ್. ಗೋಪಾಲಯ್ಯ ಅಷ್ಟೂ ಜನರ ಎದುರು ಕೈ ಮುಗಿದು, “ಗೌಡ್ರೆ, ತಪ್ಪು ನಮ್ಮದು. ನೀವು ಹೇಳಿದ್ದೇ ಸರಿ” ಎಂದರು. ಹೆಂಡತಿ ಮಾತ್ರ ಇನ್ನೂ ನಂಬದೆ, “ಅಂಗಾರೆ ನಿಜ್ವಾಗ್ಲೂ ಬುಟ್ಬುಟ್ಟವ್ನಾ?” ಎಂದು ಗಂಡನನ್ನು ಹೊಸಬನ ಹಾಗೆ ನೋಡಿದರು.

ಅಷ್ಟು ದೊಡ್ಡ ಮನುಷ್ಯ ರೋಗಿಯ ಹತ್ತಿರ ಯಾಕೆ ಹಾಗೆ ಕೈ ಮುಗಿಯಬೇಕು, ಸುಮ್ಮನೆ ಹೊಸ ರಿಪೋರ್ಟ್ ಕೊಟ್ಟರೆ ಸಾಲದೆ ಎಂದು ನನಗೆ ಆಗ ಅನಿಸಿತ್ತು.

ಮುಂದೆ ಹೆಗ್ಗಡದೇವನಕೋಟೆಯಲ್ಲಿದ್ದಾಗ ಜನ ರಿಪೋರ್ಟ್ ಹಿಡಿದು ನನ್ನ ಕಿಟಕಿಗೇ ಬರುತ್ತಿದ್ದರು. “ಲಿವರ್ ಎಷ್ಟ್ ಪರ್ಸೆಂಟ್ ಕೆಲ್ಸ ಮಾಡ್ತಾ ಅದೆ ಮೇಡಂ?” ಈ ಅಂಕಿಯಿಂದ ಅದು ಗೊತ್ತಾಗುವುದಿಲ್ಲ. ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಜೀವಕೋಶದ ಒಳಗೆ ಇರಬೇಕಾದ ಕಿಣ್ವಗಳು. ಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತವೆ. ನಾವು ಅಳೆಯುವುದು ಆ ಸೋರಿಕೆಯನ್ನು. ನಲವತ್ತರ ಆಸುಪಾಸಿನವರೆಗೆ ಸಾಮಾನ್ಯ. ಎರಡು ಮೂರು ಪಟ್ಟು ಇದ್ದರೆ ಲಿವರಿನ ಕೊಬ್ಬು, ಕುಡಿತ, ಯಾವುದೋ ಮಾತ್ರೆ, ಹೀಗೆ ನೂರು ಕಾರಣ. ಹಿಂದಿನ ದಿನ ಮೂಟೆ ಹೊತ್ತವನ ಎಸ್‌ಜಿಒಟಿ ಮಾಂಸಖಂಡದಿಂದಲೂ ಏರುತ್ತದೆ. ಸಾವಿರ ದಾಟಿದರೆ ಮಾತ್ರ ಕೂತು ಯೋಚಿಸುವ ಹೊತ್ತಲ್ಲ. ವೈರಸ್ಸೋ, ವಿಷವೋ, ಒಗ್ಗದ ಔಷಧಿಯೋ, ಲಿವರ್ ಆ ಕ್ಷಣವೂ ಒಡೆಯುತ್ತಿರುತ್ತದೆ. ಇನ್ನೊಂದು ಮಾತಿದೆ, ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಂಡಿರಲಿಲ್ಲ. ಕಂಡ ದಿನದ ಕಥೆ ಬಂದಾಗ ಹೇಳುತ್ತೇನೆ.

ಪಿರಿಯಾಪಟ್ಟಣದಲ್ಲಿದ್ದಾಗ ಹೊಸ ಮಷಿನ್ ಬಂತು. ಹಿಂದೆ ನೀರಿನ ತೊಟ್ಟಿಯಲ್ಲಿ ಟ್ಯೂಬು ಬೆಚ್ಚಗಿಟ್ಟು, ಗಡಿಯಾರ ನೋಡಿಕೊಂಡು, ಬಣ್ಣ ಬರಿಸಿ, ಗ್ರಾಫ್ ಹಾಳೆಯಲ್ಲಿ ಹುಡುಕುತ್ತಿದ್ದ ಅಂಕಿ ಈಗ ಎರಡು ನಿಮಿಷದಲ್ಲಿ ಪರದೆಯ ಮೇಲೆ. ಅದು ಕೆಲಸ ಮಾಡುವ ಬಗೆಯನ್ನು ನೀವು ತಿಳಿದುಕೊಳ್ಳಲೇಬೇಕು. ನಾವು ಸೀರಂಗೆ ಸೇರಿಸುವ ಪರೀಕ್ಷೆಯ ದ್ರಾವಣದಲ್ಲಿ, ಅಂದರೆ ರೀಜೆಂಟಿನಲ್ಲಿ, ಬೆಳಕನ್ನು ಹೀರುವ ಒಂದು ವಸ್ತು ಇರುತ್ತದೆ. ಕಿಣ್ವದ ಕೆಲಸ ನಡೆದಷ್ಟೂ ಅದು ಖರ್ಚಾಗುತ್ತದೆ. ಮಷಿನ್ ಸ್ವಲ್ಪ ಹೊತ್ತು ಕಾದು, ಆಮೇಲೆ ಒಂದು ನಿಮಿಷ ನೋಡಿ, ಅದು ಎಷ್ಟು ಬೇಗ ಖರ್ಚಾಗುತ್ತಿದೆ ಎಂಬುದರ ಮೇಲೆ ಅಂಕಿ ಕೊಡುತ್ತದೆ. ಕಿಣ್ವ ವಿಪರೀತ ಇದ್ದರೆ ಏನಾಗುತ್ತದೆ? ಬೀಗರ ಊಟಕ್ಕೆ ಊರಿಗೆ ಊರೇ ಮೊದಲೇ ನುಗ್ಗಿ ಹಂಡೆ ಬರಿದು ಮಾಡಿ ಎದ್ದುಹೋಗಿದೆ ಅಂದುಕೊಳ್ಳಿ. ತಡವಾಗಿ ಬಂದು ಖಾಲಿ ಚಪ್ಪರ ನೋಡಿದವನು ಇಲ್ಲಿಗೆ ಯಾರೂ ಬಂದೇ ಇಲ್ಲ ಅನ್ನುತ್ತಾನೆ. ಮಷಿನ್ನೂ ಹಾಗೆಯೇ. ನೋಡಲು ಶುರು ಮಾಡುವ ಮೊದಲೇ ಎಲ್ಲ ಖರ್ಚಾಗಿರುತ್ತದೆ. ಏನೂ ಅಲುಗಾಡುವುದಿಲ್ಲ. ಅದು ಸಣ್ಣ ಅಂಕಿ ಬರೆದುಬಿಡುತ್ತದೆ. ಆದರೆ ಶುರುವಿನಲ್ಲೇ ಆ ವಸ್ತು ತೀರಾ ಕಡಿಮೆ ಕಂಡರೆ ಕೀ ಕೀ ಎಂದು ಎಚ್ಚರಿಸುತ್ತದೆ. ಆಗ ಸೀರಂಗೆ ಒಂಬತ್ತು ಪಾಲು ಸಲೈನ್ ಬೆರೆಸಿ, ಮತ್ತೆ ಮಾಡಿ, ಬಂದದ್ದನ್ನು ಹತ್ತರಿಂದ ಗುಣಿಸಬೇಕು.

ಇದು ನನಗೆ ಗೊತ್ತಿತ್ತು. ಕಲಿಯಲು ಬಂದವರಿಗೆ ನಾನೇ ಹೇಳಿಕೊಟ್ಟಿದ್ದೆ.

ಕೊನೆಯದಾಗಿ ಕೆಲಸ ಮಾಡಿದ ಆಸ್ಪತ್ರೆ ಯಾವ ಊರಿನದು ಎಂದು ಬರೆಯುವುದಿಲ್ಲ. ತಪ್ಪು ನನ್ನದು, ಆಸ್ಪತ್ರೆಯದಲ್ಲ. ಅಲ್ಲಿ ಪದೇ ಪದೇ ಕರೆಂಟ್ ಹೋಗಿ ಫ್ರಿಜ್ಜು ಬೆಚ್ಚಗಾಗುತ್ತಿತ್ತು. ರೀಜೆಂಟು ಸೊರಗುತ್ತಿತ್ತು. ಸೊರಗಿದ ರೀಜೆಂಟಿಗೂ ಮಷಿನ್ ಅದೇ ಕೀ ಕೀ. ದಿನಕ್ಕೆ ಹತ್ತು ಸಲ, ಚೆನ್ನಾಗಿರುವವರ ರಕ್ತಕ್ಕೂ. ಮೊದಲ ವಾರ ಪ್ರತಿಸಲ ನಿಲ್ಲಿಸಿ ನೋಡಿದೆ. ಆಮೇಲೆ ಬೆರಳು ತಾನಾಗಿಯೇ ‘ಮುಂದಕ್ಕೆ’ ಗುಂಡಿ ಒತ್ತುವುದನ್ನು ಕಲಿಯಿತು. ಅದೇ ವರ್ಷ ರಿಜಿಸ್ಟರ್ ಹೋಗಿ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಬಣ್ಣದ ಕಲಂ ಇರಲಿಲ್ಲ. ಬರೆಯಲು ಜಾಗವಿಲ್ಲದ ಮೇಲೆ ನೋಡುವುದೂ ನಿಂತಿತು. ಯಾವತ್ತು ನಿಂತಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಅವತ್ತು ಸೋಮವಾರ. ಗಾವಡಗೆರೆ ಕಡೆಯ ಒಂದು ಹಳ್ಳಿಯಿಂದ ಮಂಜುಳ ಎಂಬ ಹೆಣ್ಣುಮಗಳು ಬಂದಿದ್ದಳು. ಮೂವತ್ತೆರಡು ವಯಸ್ಸು. ಕ್ಷಯಕ್ಕೆ ಸರ್ಕಾರದಿಂದ ಕೊಡುವ ಮಾತ್ರೆ ಶುರು ಮಾಡಿ ಐದು ವಾರವಾಗಿತ್ತು. ಒಂದು ವಾರದಿಂದ ವಾಂತಿ, ಅನ್ನದ ವಾಸನೆ ಆಗುತ್ತಿರಲಿಲ್ಲ. ಜೊತೆಗೆ ಗಂಡ ಮಹದೇವ, ಅತ್ತೆ ನಿಂಗಮ್ಮ. ನಾನು ರಕ್ತ ತೆಗೆಯುತ್ತಿದ್ದಾಗ ನಿಂಗಮ್ಮ ಸುಮ್ಮನಿರಲಿಲ್ಲ.

“ಮಾತ್ರೆ ಅಂದ್ರೆ ಸಾಕು, ಕೊಟ್ಗೆಗೆ ಓಡ್ತಳೆ. ಅಲ್ಲಿ ಉಗ್ದುಬುಟ್ಟು ಬಂದು ನುಂಗ್ದೆ ಅಂತಳೆ.”

“ನುಂಗುದ್ರೆ ಜೀವ ಓದಂಗಾಯ್ತದೆ ಕಣತ್ತೆ” ಅಂದಳು ಮಂಜುಳ. “ಒಳ್ಗೆ ಏನೋ ಆಯ್ತಾ ಅದೆ. ನಂಗೆ ಗೊತ್ತಾಯ್ತದೆ.”

“ನಿಂಗೇ ಗೊತ್ತಾಗಂಗಿದ್ರೆ ಡಾಕ್ಟ್ರು ಯಾಕ್ ಬೇಕಿತ್ತು?”

“ಬುಡವ್ವ, ಟೆಸ್ಟಲ್ಲಿ ಬತ್ತದಲ್ಲ” ಅಂದ ಮಹದೇವ. ಆಮೇಲೆ ನನ್ನನ್ನು ಕೇಳಿದ: “ಮಿಸಿನ್ನು ಸುಳ್ ಯೋಳಕ್ಕಿಲ್ಲ ಅಲ್ವಾ ಮೇಡಂ?”

ನಾನು ನಕ್ಕು, “ಮಷಿನ್ನಿಗೆ ಸುಳ್ಳು ಹೇಳೋದು ಎಲ್ಲಿ ಬರುತ್ತಪ್ಪ?” ಎಂದೆ.

ಕಾಮಾಲೆ ಅಳೆಯುವ ಬಿಲಿರುಬಿನ್ ಪರೀಕ್ಷೆಯ ರೀಜೆಂಟು ಮುಗಿದಿತ್ತು. ಎಸ್‌ಜಿಪಿಟಿ ಒಂದೇ ಮಾಡಿದೆ. ಮಷಿನ್ ಕೀ ಕೀ ಎಂದಿತು. ಬೆರಳು ಗುಂಡಿ ಒತ್ತಿತು. ಮೂವತ್ತೊಂದು ಬಂತು.

ಡಾಕ್ಟರು ಹೊಸದಾಗಿ ಬಂದಿದ್ದ ಹುಡುಗಿ, ಚುರುಕು. ಮೂತ್ರ ಗಾಢವಾಗಿ ಹೋಗುತ್ತಿದೆ ಎಂದು ಮಂಜುಳ ಅವರಿಗೆ ಹೇಳಿದ್ದಳು. ಆದರೆ ಕ್ಷಯದ ಮಾತ್ರೆ ತಿಂದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಎಲ್ಲರಿಗೂ ಗೊತ್ತಿರುವ ಮಾತು. ಲಿವರ್ ಚೆನ್ನಾಗಿದೆ ಎಂದು ನನ್ನ ಕಾಗದ ಹೇಳುತ್ತಿತ್ತು. ಅವರು ವಾಂತಿಗೆ ಔಷಧಿ ಬರೆದು, ಕ್ಷಯದ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ ಎಂದರು.

ಹೊರಡುವಾಗ ನನ್ನ ಕಿಟಕಿಯ ಮುಂದೆ ನಿಂಗಮ್ಮ ಸೊಸೆಗೆ ಕಾಗದ ತೋರಿಸಿ, “ನೋಡ್ದಾ, ಮೂವತ್ತೊಂದು. ನಂಗೆ ಮಾಡ್ಸುದ್ರೂ ಇದ್ಕಿಂತ ಜಾಸ್ತಿ ಬತ್ತದೆ. ಇನ್ನು ನಿನ್ ನಾಟ್ಕ ನಡ್ಯಕ್ಕಿಲ್ಲ” ಎಂದರು. ಮಂಜುಳ ಕಿಟಕಿಯೊಳಗೆ ನನ್ನನ್ನು ನೋಡಿದಳು. ನಾನು ಮುಂದಿನ ಟೋಕನ್ ಕರೆದೆ.

ಮಧ್ಯಾಹ್ನ ಊಟ ಮುಗಿಸಿ ಬಂದಾಗ ಪಡುವಣ ಕಿಟಕಿಯಿಂದ ಬಿಸಿಲು ಸ್ಟ್ಯಾಂಡಿನ ಮೇಲೆ ಬಿದ್ದಿತ್ತು. ಬೆಳಗಿನ ಟ್ಯೂಬುಗಳು ಸಾಲಾಗಿ ನಿಂತಿದ್ದವು. ಒಣಹುಲ್ಲು, ಒಣಹುಲ್ಲು, ಒಣಹುಲ್ಲು. ನಡುವೆ ಒಂದು ಮಾತ್ರ ಹುಚ್ಚೆಳ್ಳೆಣ್ಣೆಯ ಹಾಗೆ ಗಾಢ ಹಳದಿ.

ಚೀಟಿ ನೋಡಿದೆ. ಮಂಜುಳ.

ಮಾತ್ರೆಯ ಬಣ್ಣ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡದ್ದು ಚೆನ್ನಾಗಿ ನೆನಪಿದೆ. ಆಮೇಲೆ ಬೆಳಗಿನ ಕೀ ಕೀ ಕಿವಿಯೊಳಗೆ ಕೇಳಿಸಿತು. ಸಲೈನ್ ಬೆರೆಸಿ ಮಷಿನ್ನಿಗೆ ಹಾಕಿದೆ. ಇನ್ನೂರ ನಲವತ್ತಾರು. ಹತ್ತರಿಂದ ಗುಣಿಸಿದರೆ ಎರಡು ಸಾವಿರದ ನಾನೂರ ಅರವತ್ತು. ಇನ್ನೊಂದು ಸಲ ಮಾಡಿದೆ. ಅಷ್ಟೇ. ಅಂಕಿ ಬರೆದುಕೊಂಡು ಡಾಕ್ಟರ ಕೋಣೆಗೆ ಓಡಿದೆ.

ಡಾಕ್ಟರ ಮುಖ ಬಿಳಿಚಿಕೊಂಡಿತು. “ಮೇಡಂ, ಮಾತ್ರೆ ತಪ್ಪಿಸಬೇಡಿ ಅಂತ ನಾನೇ ಹೇಳಿ ಕಳಿಸಿದೀನಿ” ಎಂದರು. ಲಿವರನ್ನು ಕೊಲ್ಲುತ್ತಿದ್ದದ್ದೇ ಆ ಮಾತ್ರೆ. ಮಹದೇವನ ಫೋನ್ ಸ್ವಿಚ್ ಆಫ್. ಆಂಬುಲೆನ್ಸ್ ಕೆ.ಆರ್. ನಗರದಿಂದ ಬರಬೇಕಿತ್ತು. ಡಾಕ್ಟರು ಅದಕ್ಕೆ ಫೋನ್ ಮಾಡುತ್ತಿದ್ದಂತೆ ನಾನು ಸ್ಕೂಟರ್ ತೆಗೆದೆ. ದಾರಿಯುದ್ದಕ್ಕೂ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು, ರಾಗಿ ಹೊಲ. ಇನ್ನೂ ನುಂಗಿರದೆ ಇರಲಿ, ವಾಂತಿಯಾಗಿ ಹೋಗಿರಲಿ, ಕೊಟ್ಟಿಗೆಯಲ್ಲಿ ಉಗಿದುಬಿಟ್ಟಿರಲಿ ಎಂದು ಅಲ್ಲಾಹನನ್ನು ಬೇಡಿಕೊಂಡೆ. ರೋಗಿ ಮಾತ್ರೆ ಉಗಿಯಲಿ ಎಂದು ಬೇಡಿಕೊಂಡದ್ದು ಜನ್ಮದಲ್ಲಿ ಅದೊಂದೇ ಸಲ.

ಮಂಜುಳ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಮಹದೇವ ಎದ್ದು ಬಂದ. “ಬನ್ನಿ ಮೇಡಂ, ಏನ್ ಇಲ್ಲಿಗಂಟ? ಮಾತ್ರೆನಾ? ಬಂದೇಟ್ಗೇ ನುಂಗುಸ್ದೆ. ನಾಕುಕ್ಕೆ ನಾಕೂ. ಇಳಿಯಗಂಟ ಎದುರ್ಗೇ ನಿಂತಿದ್ದೆ.” ಹೆಂಡತಿಗೆ ಒಳ್ಳೆಯದು ಮಾಡಿದ ಸಮಾಧಾನ ಅವನ ಮುಖದಲ್ಲಿತ್ತು.

ನಾನು ಅವಳ ಮುಖವನ್ನು ಬಿಸಿಲಿಗೆ ತಿರುಗಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಅರಿಸಿನ. ಬೆಳಿಗ್ಗೆ ಆಸ್ಪತ್ರೆಯ ಟ್ಯೂಬ್‌ಲೈಟಿನಲ್ಲಿ ಅದು ಡಾಕ್ಟರಿಗೂ ನನಗೂ ಕಂಡಿರಲಿಲ್ಲ. ಇವತ್ತು ಯಾವ ವಾರವಮ್ಮ ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿ, “ಸುಕ್ರವಾರ ಅಲ್ವಾ?” ಅಂದಳು. ಅವತ್ತು ಸೋಮವಾರ; ಲಿವರ್ ಸೋತರೆ ತಲೆ ಹೀಗೆ ಮಂಕಾಗುತ್ತದೆ.

ನಿಂಗಮ್ಮ ಹೆದರಿದರು. “ಏನಾಯ್ತು ಮೇಡಂ? ಬೆಳಿಗ್ಗೆ ಸರ್ಯಾಗಿತ್ತಲ್ಲ. ಈಗ ಏರ್ಬುಡ್ತಾ?”

ನಾನು “ಹ್ಞೂಂ, ಏರಿದೆ” ಎಂದೆ.

ಇಡೀ ದಿನದಲ್ಲಿ ಬೆರಳು ಮಾಡಿದ್ದು ಒಂದು ತಪ್ಪು. ಇದು ಇನ್ನೊಂದು. ಇದನ್ನು ನಾನು ತಿಳಿದೇ ಮಾಡಿದೆ.

ಆಂಬುಲೆನ್ಸ್ ಬಂತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಐಸಿಯುಗೆ ಹಾಕಿದರು. ನಾಲ್ಕನೆಯ ದಿನ ಮಹದೇವ ಫೋನ್ ಮಾಡಿದ. “ಮೇಡಂ, ಇಳೀತಾ ಅದೆ. ಎಂಟ್ನೂರ್ ಚಿಲ್ರೆಗೆ ಬಂದದೆ. ಬದುಕ್ಕಂಡ್ಳು.” ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಏನಾಯಿತು, ಕಾಮಾಲೆ ಎಷ್ಟಿದೆ ಎಂದು ಕೇಳಿದೆ. ಯಾರನ್ನೋ ಕೇಳಿ ಹೇಳಿದ. ಹೆಪ್ಪುಗಟ್ಟಲು ಹಿಡಿಯುವ ಹೊತ್ತು, ಕಾಮಾಲೆ ಎರಡೂ ಏರಿದ್ದವು. ನಾನು ಪುಸ್ತಕದಲ್ಲಿ ಮಾತ್ರ ಓದಿದ್ದ ಮಾತು ಇದು. ಕಾಮಾಲೆ ಏರುತ್ತಾ, ರಕ್ತ ಹೆಪ್ಪುಗಟ್ಟದೆ ಹೋಗುತ್ತಾ, ಎಸ್‌ಜಿಪಿಟಿ ಮಾತ್ರ ಇಳಿದರೆ ಅದು ಗುಣವಲ್ಲ. ಸೋರಲು ಕೋಶಗಳೇ ಉಳಿದಿಲ್ಲ ಎಂದು ಅರ್ಥವಿರಬಹುದು. ಫೋನಿನ ಆ ಕಡೆ ಅವನು ಖುಷಿಯಿಂದ ಉಸಿರಾಡುವುದು ಕೇಳುತ್ತಿತ್ತು. ನಾಳೆಯೂ ಇವೆರಡನ್ನು ಕೇಳಿ ಹೇಳಪ್ಪ ಎಂದಷ್ಟೇ ಹೇಳಿದೆ.

ಆರನೆಯ ದಿನ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಸುಧಾರಿಸಿತು. ಎಂಟನೆಯ ದಿನ ಇನ್ನೂ ಸ್ವಲ್ಪ. ಅವಳು ತನ್ನ ಹೆಸರು, ಊರು, ವಾರ ಎಲ್ಲ ಸರಿಯಾಗಿ ಹೇಳಿದಳು ಎಂದು ಗೊತ್ತಾದ ದಿನ ನಾನು ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನಾಲ್ಕನೆಯ ವಾರ ಮನೆಗೆ ಬಂದಳು. ಕ್ಷಯದ ಔಷಧಿಯನ್ನು ಒಂದೊಂದಾಗಿ, ರಕ್ತ ನೋಡುತ್ತಾ ನೋಡುತ್ತಾ ಮತ್ತೆ ಶುರು ಮಾಡಿದರು. ಈ ನಡುವೆ ಟ್ರಸ್ಟಿನವರು ಮಷಿನ್ ಕಂಪನಿಯವನನ್ನು ಕರೆಸಿದರು. ಅವನು ಎಲ್ಲ ಬಿಚ್ಚಿ ನೋಡಿ, ಮಷಿನ್ ಸರಿಯಾಗಿದೆ ಎಂದ. ಸರಿಯಾಗಿಯೇ ಇತ್ತು. ಅದು ಕೂಗಿ ಹೇಳಿತ್ತು. ಬೆರಳಿನ ವಿಷಯವನ್ನು ಡಾಕ್ಟರಿಗೂ ಟ್ರಸ್ಟಿನವರಿಗೂ ಹೇಳಿದೆ. ಮಂಜುಳಳ ಮನೆಯವರಿಗೆ ಮಾತ್ರ ಹೇಳಲಿಲ್ಲ. ಹೇಳೋಣ, ಇನ್ನೊಂದು ಸಲ ಬಂದಾಗ ಹೇಳೋಣ ಅನ್ನುತ್ತಲೇ ದಿನ ತಳ್ಳಿದೆ.

ನನ್ನ ನಿವೃತ್ತಿಗೆ ಆರು ವಾರ ಇದ್ದಾಗ ಮಂಜುಳ ರಕ್ತಪರೀಕ್ಷೆಗೆ ಒಬ್ಬಳೇ ಬಂದಳು. ಮುಖ ತುಂಬಿಕೊಂಡಿತ್ತು. ಕುರ್ಚಿಯ ಮೇಲೆ ಕೂತು, ತೋಳು ಚಾಚದೆ, ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಆ ಸೋಮವಾರದ ರಿಪೋರ್ಟು. ಮಡಿಕೆಗಳಲ್ಲಿ ಎಣ್ಣೆ ಜಿಡ್ಡು ಹತ್ತಿತ್ತು.

“ಇದ್ನ ನಮ್ಮತ್ತೆ ದೇವ್ರ ಪಟದ್ ಇಂದ್ಗಡೆ ಮಡ್ಗವ್ರೆ ಅಕ್ಕ. ಬಂದೋರ್ಗೆಲ್ಲ ತೋರುಸ್ತರೆ.”

“ಯಾಕೆ?”

“ಬೆಳಿಗ್ಗೆಗಂಟ ನಮ್ ಸೊಸೆ ಸರ್ಯಾಗೇ ಇದ್ಲು, ನಾಟ್ಕ ಆಡ್ತಿದ್ಲು, ಆಡ್ತಾ ಆಡ್ತಾ ದೇವ್ರು ನಿಜ ಮಾಡ್ಬುಟ್ಟ ಅಂತರೆ. ನಮ್ಮೆಜಮಾನ್ರೂ ಅದ್ನೇ ನಂಬವ್ರೆ. ಈಗ ನಂಗ್ ತಲೆನೋವು ಅಂದ್ರೂ ಕಾಗ್ದ ನೋಡ್ತರೆ.” ಕಾಗದದ ಮಡಿಕೆಯನ್ನು ಅಂಗೈಯಿಂದ ನೀವಿದಳು. “ಅವತ್ ಬೆಳಿಗ್ಗೆ ನಂಗೇನೂ ಆಗಿರ್ನಿಲ್ವಾ ಅಕ್ಕ?”

“ಆಗಿತ್ತು.”

“ಎಷ್ಟಿತ್ತು?”

“ಎರಡು ಸಾವಿರದ ನಾನೂರ ಅರವತ್ತು.”

“ಬೆಳಿಗ್ಗೇನೇಯಾ?”

“ಬೆಳಿಗ್ಗೇನೇ. ಅದೇ ರಕ್ತ, ಅದೇ ಟ್ಯೂಬು. ಮಷಿನ್ ಎಚ್ಚರ ಹೇಳಿತ್ತು, ನಾನು ಕೇಳಲಿಲ್ಲ. ನಿಮ್ಮ ಮನೆಗೆ ಬಂದಾಗಲೂ ನಿಜ ಹೇಳಲಿಲ್ಲ.”

ಅವಳು ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಕಾಗದವನ್ನು ನನ್ನ ಕಡೆ ತಳ್ಳಿದಳು.

“ಅಂಗಂತ ಇದ್ರ ಮೇಲೇ ಬರ್ದ್‌ಕೊಡಿ.”

ಕೊಟ್ಟ ರಿಪೋರ್ಟಿನ ಮೇಲೆ ತಪ್ಪು ಎಂದು ಕೈಯಾರೆ ಬರೆದು ರೋಗಿಯ ಕೈಗೆ ಕೊಟ್ಟರೆ ನೌಕರಿಗೇ ಕುತ್ತು ಎಂದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಆರು ವಾರದಲ್ಲಿ ಶಾಲು, ಹಾರ ಹಾಕಿಸಿಕೊಂಡು ಹೋಗಬೇಕಾಗಿದ್ದವಳು ನಾನು. ಪೆನ್ನು ಹಿಡಿದು ಕೂತೆ. ಬೆಂಚಿನ ಮೇಲೆ ಟವೆಲ್ ತಿರುವುತ್ತಿದ್ದ ಬೋರೇಗೌಡರು ನೆನಪಾದರು. ಅಷ್ಟು ಜನರೆದುರು ಗೋಪಾಲಯ್ಯ ಯಾಕೆ ಕೈ ಮುಗಿದರು ಎಂಬುದು ಅರ್ಥವಾಗಲು ನನಗೆ ಇಡೀ ನೌಕರಿಯೇ ಬೇಕಾಯಿತು.

ಮೂವತ್ತೊಂದನ್ನು ಹೊಡೆದುಹಾಕಿ, ಪಕ್ಕದಲ್ಲಿ 2460 ಎಂದು ಬರೆದೆ. ಕೆಳಗೆ ದೊಡ್ಡ ಅಕ್ಷರದಲ್ಲಿ, ‘ಈ ವರದಿ ತಪ್ಪು. ಪರೀಕ್ಷೆ ಮಾಡಿದ ನನ್ನ ತಪ್ಪು. ಅವತ್ತು ಬೆಳಿಗ್ಗೆ ಮಂಜುಳ ಹೇಳಿದ್ದೇ ಸರಿ’ ಎಂದು ಬರೆದು ಸಹಿ ಮಾಡಿದೆ.

ಅವಳು ಬೆರಳಿಟ್ಟು ಒಂದೊಂದೇ ಪದ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು.

“ಸೀಲ್ ಆಕಿ ಅಕ್ಕ. ಸೀಲ್ ಇಲ್ದಿದ್ರೆ ನಮ್ಮತ್ತೆ ನಂಬಕ್ಕಿಲ್ಲ.”

ಸೀಲ್ ಹಾಕಿದೆ. ಶಾಯಿ ಆರುವವರೆಗೆ ಊದಿ, ಮಡಿಸಿ, ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ಆಮೇಲೆ ಸೀರೆಯ ಸೆರಗು ಸರಿಮಾಡಿಕೊಂಡು, ತೋಳನ್ನು ಮೇಜಿನ ಮೇಲೆ ಚಾಚಿದಳು.